ಮನೆಯೊಳಗಿನ ಜಾಲ, ಮನೆಯವರ ತಿಳಿವು

(ಶತಮಾನೋತ್ಸವದ ಅಂಗವಾಗಿ ಜರಗಿದ ಹೆತ್ತವರ ಹಾಗೂ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ನೂರು ತುಂಬಿದ ಶಾಲೆಯ ವೇದಿಕೆಯಲ್ಲಿ ಹಳೆಯದನ್ನು ನೆನೆಯುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಹಿರಿಯರು ಬೆಳಗಿನ ಗೋಷ್ಠಿಯಲ್ಲಿ ಸೊಗಸಾಗಿ ನೆರವೇರಿಸಿದ್ದಾರೆ. ನಾನು ಆರಿಸಿಕೊಂಡ ವಿಷಯವಾದರೋ ನಮ್ಮೆಲ್ಲರ ಮನೆಯ ಗೋಡೆಯಲ್ಲಿ ಹಗಲಿರುಳು ಮಿನುಗುತ್ತಿರುವ ಒಂದು ಸಣ್ಣ ಪೆಟ್ಟಿಗೆಗೆ ಸಂಬಂಧಿಸಿದ್ದು. ಸಾಹಿತ್ಯವನ್ನು ಓದಿ ಬಂದವಳಿಗೆ ಈ ಯಂತ್ರದ ಗೊಡವೆ ಏಕೆ ಎಂದು ನೀವು ಕೇಳಬಹುದು. ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ, "ನಿಮ್ಮ ಮನೆಯ ವೈಫೈ ಪಾಸ್‌ವರ್ಡ್ ಯಾರಿಗೆ ಗೊತ್ತು?" ಎಂದು ಕೇಳಿದಾಗ ನನಗೆ ಸಿಗುವ ಉತ್ತರ ಎರಡೇ: "ಮಗನಿಗೆ ಗೊತ್ತು ಟೀಚರ್" ಅಥವಾ "ಲೈನ್ ಎಳೆದ ಹುಡುಗನಿಗೆ ಗೊತ್ತು". ಮನೆಯ ಬೀಗದ ಕೈ ಯಾರಲ್ಲಿದೆ ಎಂದು ಕೇಳಿದರೆ ನಮ್ಮ ತಾಯಂದಿರು ಹೀಗೆ ಉತ್ತರಿಸಲಾರರು. ಆದ್ದರಿಂದಲೇ ಈ ಮಾತು.

ಈ ಶಾಲೆ ಆರಂಭವಾದಾಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಅದು ಕೇರಳದ ಭಾಗವಾಯಿತು. ರಾಜ್ಯ ಬದಲಾದರೂ ಶಾಲೆಯ ಭಾಷೆ ಬದಲಾಗಲಿಲ್ಲ. ಅಂದಿನಿಂದ ಇಂದಿನವರೆಗೂ ನಮ್ಮ ಮಕ್ಕಳು ಇತರರಿಗಿಂತ ಹಿಂದುಳಿಯದಂತೆ ನೋಡಿಕೊಳ್ಳುವುದೇ ಇಲ್ಲಿನ ಅಧ್ಯಾಪಕರ ಕಾಳಜಿ. 2020ರ ಜೂನ್ 1ರಂದು ಶಾಲೆಯ ಬಾಗಿಲು ಮುಚ್ಚಿದ್ದರೂ ಕೇರಳದಲ್ಲಿ 'ಫಸ್ಟ್ ಬೆಲ್' ಪಾಠಗಳು ಆರಂಭವಾದವು. ಕನ್ನಡ ಮಾಧ್ಯಮದ ಪಾಠಗಳೂ ಸಿದ್ಧವಾದವು. ಅದಕ್ಕೂ ಮುನ್ನ, 2019ರ ಸೆಪ್ಟೆಂಬರಿನಲ್ಲಿ, ಹಾಸ್ಟೆಲಿನ ಮೊಬೈಲ್ ನಿರ್ಬಂಧವನ್ನು ಪ್ರಶ್ನಿಸಿದ ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟು, ಅಂತರಜಾಲದ ಬಳಕೆಯು ಶಿಕ್ಷಣದ ಹಕ್ಕಿನ ಹಾಗೂ ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿತ್ತು. 2023ರ ಜೂನಿನಲ್ಲಿ ಉದ್ಘಾಟನೆಗೊಂಡ ರಾಜ್ಯದ ಕೆ-ಫೋನ್ ಯೋಜನೆಯು 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ನೀಡುವ ಗುರಿಯನ್ನು ಇಟ್ಟುಕೊಂಡಿತು. ಹಕ್ಕು ದೊರೆಯಿತು, ತಂತಿಯೂ ಹಿತ್ತಿಲವರೆಗೆ ಬಂತು. ಇನ್ನುಳಿದಿರುವುದು ತಿಳಿವು. ಅದನ್ನು ಯಾವ ಸರಕಾರವೂ ಮನೆಬಾಗಿಲಿಗೆ ತಂದು ಜೋಡಿಸಿ ಹೋಗಲಾರದು.

ಮೊದಲು ಆ ಪೆಟ್ಟಿಗೆಯನ್ನೇ ನೋಡೋಣ. ಕಂಬದಿಂದ ಮನೆಗೆ ಬರುವ ಫೈಬರ್ ಕೇಬಲಿನೊಳಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ಇದೆ. ಅದರಲ್ಲಿ ಸಂದೇಶಗಳು ಬೆಳಕಿನ ಮಿಡಿತಗಳಾಗಿ ಬರುತ್ತವೆ. ಪೆಟ್ಟಿಗೆ ಒಂದೇ ಆದರೂ ಅದು ನಾಲ್ಕು ಕೆಲಸಗಳನ್ನು ಮಾಡುತ್ತದೆ. ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವುದು ಮೊದಲನೆಯದು. ಹೊರಗಿನ ಜಾಲಕ್ಕೂ ಮನೆಯ ಜಾಲಕ್ಕೂ ನಡುವೆ ನಿಂತು ಸಂದೇಶಗಳಿಗೆ ದಾರಿ ತೋರಿಸುವುದು ಎರಡನೆಯದು. ಇದೇ ರೂಟರಿನ ಕೆಲಸ. ಹಿಂಬದಿಯ ಕಿಂಡಿಗಳಿಗೆ ಕೇಬಲ್ ಸಿಕ್ಕಿಸಿದ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು ಮೂರನೆಯದು; ಇದು ಸ್ವಿಚ್ಚಿನ ಕೆಲಸ. ತಂತಿಯಿಲ್ಲದೆ, ರೇಡಿಯೋ ಅಲೆಗಳ ಮೂಲಕ ಮೊಬೈಲುಗಳನ್ನು ಸೇರಿಸಿಕೊಳ್ಳುವುದು ನಾಲ್ಕನೆಯದು. ನಾವು ವೈಫೈ ಎನ್ನುವುದು ಈ ನಾಲ್ಕನೆಯದನ್ನು ಮಾತ್ರ.

ಈ ಭೇದವನ್ನು ತಿಳಿದವರಿಗೆ ಅರ್ಧ ತೊಂದರೆ ಅಲ್ಲಿಯೇ ಪರಿಹಾರವಾಗುತ್ತದೆ. ಮೊಬೈಲಿನಲ್ಲಿ ವೈಫೈ ಚಿಹ್ನೆ ಪೂರ್ತಿಯಾಗಿದ್ದೂ ಪಾಠ ತೆರೆಯದಿದ್ದರೆ ನಿಮ್ಮ ಮೊಬೈಲು ಪೆಟ್ಟಿಗೆಯ ತನಕ ಸರಿಯಾಗಿ ತಲಪಿದೆ, ದೋಷ ಬಹುತೇಕ ಅದರಾಚೆಗಿದೆ ಎಂದು ತಿಳಿಯಬೇಕು. ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂಬ ಅಕ್ಷರಗಳ ಬಳಿ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕು ಬರುತ್ತಿಲ್ಲವೆಂದು ಅರ್ಥ. ಎಲ್ಲೋ ಮರದ ಕೊಂಬೆ ಬಿದ್ದು ಕೇಬಲು ತುಂಡಾಗಿರಬಹುದು. ಆಗ ಮೊಬೈಲನ್ನು ಹತ್ತು ಬಾರಿ ಆರಿಸಿ ಹೊತ್ತಿಸಿದರೂ ಪ್ರಯೋಜನವಿಲ್ಲ. "ಕೆಂಪು ದೀಪ ಉರಿಯುತ್ತಿದೆ" ಎಂದು ಲೈನಿನವರಿಗೆ ತಿಳಿಸಿದರೆ ಅವರಿಗೂ ಕೆಲಸ ಸುಲಭ.

ಇನ್ನು ವಿಳಾಸದ ಸಂಗತಿ. ಜಾಲದಲ್ಲಿರುವ ಪ್ರತಿ ಸಾಧನಕ್ಕೂ ಐಪಿ ವಿಳಾಸವೆಂಬ ಒಂದು ಸಂಖ್ಯೆ ಬೇಕು. ಹಳೆಯ ಪದ್ಧತಿಯಲ್ಲಿ ಇಂತಹ ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಲೋಕದ ಜನಸಂಖ್ಯೆಯೇ 800 ಕೋಟಿಯನ್ನು ದಾಟಿರುವಾಗ ಅದು ಸಾಲದು. ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಹಿಂದಿನ ಕೂಡುಕುಟುಂಬದ ಕ್ರಮವನ್ನೇ ಹೋಲುತ್ತದೆ. ದೊಡ್ಡ ಮನೆಯಲ್ಲಿ ನಲವತ್ತು ಮಂದಿ ಇದ್ದರೂ ಅಂಚೆಯವನಿಗೆ ವಿಳಾಸ ಒಂದೇ. ಕಾಗದ ಚಾವಡಿಗೆ ಬರುತ್ತದೆ, ಯಜಮಾನರು ನೋಡಿ ಅವರವರಿಗೆ ಮುಟ್ಟಿಸುತ್ತಾರೆ. ರೂಟರು ಆ ಯಜಮಾನನ ಸ್ಥಾನದಲ್ಲಿದೆ. ಅದು ಮನೆಯೊಳಗಿನ ಸಾಧನಗಳಿಗೆ 192.168ರಿಂದ ಆರಂಭವಾಗುವಂತಹ ಒಳಗಿನ ಸಂಖ್ಯೆಗಳನ್ನು ತಾನೇ ಹಂಚಿಕೊಡುತ್ತದೆ. ಹೊರಗೆ ಹೋಗುವ ಪ್ರತಿಯೊಂದು ಬೇಡಿಕೆಗೂ ಮನೆಯ ಹೊರವಿಳಾಸವನ್ನು ಹಚ್ಚಿ, ಯಾರು ಕೇಳಿದರೆಂದು ಬರೆದಿಟ್ಟುಕೊಳ್ಳುತ್ತದೆ. ಉತ್ತರ ಬಂದಾಗ ಆ ಲೆಕ್ಕ ನೋಡಿ, ಮಗಳ ಪಾಠವನ್ನು ಮಗಳಿಗೂ ಅಪ್ಪನ ವಾರ್ತೆಯನ್ನು ಅಪ್ಪನಿಗೂ ತಲಪಿಸುತ್ತದೆ. ವಿಳಾಸಗಳ ಕೊರತೆಯನ್ನು ನೀಗಿಸಲು ಐಪಿವಿ6 ಎಂಬ ಹೊಸ ಪದ್ಧತಿಯೂ ಬಳಕೆಗೆ ಬಂದಿದೆ. ಆದರೂ ಬಹಳಷ್ಟು ಮನೆಗಳಲ್ಲಿ ಈ ಯಜಮಾನಿಕೆಯ ಕ್ರಮ ಇನ್ನೂ ನಡೆಯುತ್ತಿದೆ.

ಇದರಲ್ಲಿ ಗಂಭೀರವಾದ ಮಾತೊಂದಿದೆ. ನಿಮ್ಮ ವೈಫೈಯನ್ನು ಬೇಲಿಯಾಚೆಯ ಅಪರಿಚಿತನೊಬ್ಬ ಬಳಸಿ ತಪ್ಪು ಕೆಲಸ ಮಾಡಿದರೂ ಹೊರಗಿನವರಿಗೆ ಕಾಣುವುದು ಅವನ ಹೆಸರಲ್ಲ, ನಿಮ್ಮ ಸಂಪರ್ಕ. ವಿಚಾರಣೆ ಬಂದರೆ ಮೊದಲು ಬರುವುದು ನಿಮ್ಮ ಅಂಗಳಕ್ಕೆ.

ಆದ್ದರಿಂದ ಎರಡು ಬೀಗದ ಕೈಗಳನ್ನು ಮನೆಯವರು ತಮ್ಮಲ್ಲಿ ಇಟ್ಟುಕೊಳ್ಳಬೇಕು. ಒಂದು, ವೈಫೈ ಸೇರಲು ಬೇಕಾದ ಪಾಸ್‌ವರ್ಡ್. ಇನ್ನೊಂದು, ಪೆಟ್ಟಿಗೆಯ ವ್ಯವಸ್ಥೆಯನ್ನೇ ಬದಲಾಯಿಸಲು ಬೇಕಾದ ಪಾಸ್‌ವರ್ಡ್. ಎರಡನೆಯದು ಇದೆಯೆಂದೇ ಹಲವರಿಗೆ ತಿಳಿಯದು. ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ 192.168.1.1 ಎಂಬಂತಹ ವಿಳಾಸವಿರುತ್ತದೆ. ವೈಫೈಗೆ ಸೇರಿದ ಮೊಬೈಲಿನ ಬ್ರೌಸರಿನಲ್ಲಿ ಅದನ್ನು ಬರೆದರೆ ವ್ಯವಸ್ಥೆಯ ಪುಟ ತೆರೆಯುತ್ತದೆ. ಎಷ್ಟೋ ಪೆಟ್ಟಿಗೆಗಳಲ್ಲಿ ಅದರ ಪಾಸ್‌ವರ್ಡ್ 'ಅಡ್ಮಿನ್' ಎಂದೇ ಇರುತ್ತದೆ. ಇದು ಊರಿಗೆಲ್ಲ ಒಂದೇ ಬೀಗದ ಕೈ ಇದ್ದಂತೆ! ಅದನ್ನು ಬದಲಾಯಿಸಿರಿ. ಅದೇ ಪುಟದಲ್ಲಿ ಭದ್ರತೆಯ ಬಗೆಯನ್ನು ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಎಂದು ಆರಿಸಿರಿ. ಡಬ್ಲ್ಯುಇಪಿ ಎಂಬ ಹಳೆಯ ಬಗೆಯನ್ನು ಸುಲಭವಾಗಿ ಮುರಿಯಬಹುದು, ಅದು ಬೇಡ. ಈಗ ಯಾವ ಯಾವ ಸಾಧನಗಳು ನಿಮ್ಮ ಜಾಲದಲ್ಲಿವೆ ಎಂಬ ಪಟ್ಟಿಯೂ ಅಲ್ಲಿ ಸಿಗುತ್ತದೆ. ಮನೆಯಲ್ಲಿ ಆರು ಸಾಧನಗಳಿದ್ದು ಪಟ್ಟಿಯಲ್ಲಿ ಒಂಬತ್ತು ಕಂಡರೆ ವಿಚಾರಿಸಲೇಬೇಕು. ನೆಂಟರಿಗಾಗಿ ಬೇರೆಯೇ 'ಗೆಸ್ಟ್' ಜಾಲವನ್ನು ತೆರೆಯುವ ಸೌಲಭ್ಯ ಅನೇಕ ಪೆಟ್ಟಿಗೆಗಳಲ್ಲಿದೆ. ಚಾವಡಿಗೆ ಬಂದವರನ್ನು ಉಪಚರಿಸೋಣ, ಆದರೆ ಉಗ್ರಾಣದ ಕೀಲಿಯನ್ನು ಕೊಡಬೇಕಾಗಿಲ್ಲ.

ವೇಗದ ಬಗೆಗೂ ಎರಡು ಮಾತು. ಕಂಪೆನಿಯವರು 40 ಎಂಬಿಪಿಎಸ್ ಎನ್ನುವಾಗ ಹೇಳುವುದು ಬಿಟ್‌ಗಳ ಲೆಕ್ಕ. ನಮ್ಮ ಕಡತಗಳ ಅಳತೆ ಬೈಟ್‌ಗಳಲ್ಲಿದೆ. 8 ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 5 ಎಂಬಿ. 300 ಎಂಬಿಯ ಪಾಠದ ವಿಡಿಯೋ ಇಳಿಸಿಕೊಳ್ಳಲು ಕನಿಷ್ಠ ಒಂದು ನಿಮಿಷ ಬೇಕು. ಅದೇ ಹೊತ್ತಿಗೆ ಇನ್ನಿಬ್ಬರು ಸಿನೆಮಾ ನೋಡುತ್ತಿದ್ದರೆ ಆ ಪಾಲು ಇನ್ನೂ ಕಡಿಮೆಯಾಗುತ್ತದೆ. ಪರೀಕ್ಷೆಯ ದಿನಗಳಲ್ಲಿ ಮೊದಲ ಪಾಲು ಯಾರಿಗೆ ಎಂಬುದನ್ನು ಯಂತ್ರ ತಾನಾಗಿ ನಿರ್ಣಯಿಸದು, ಮನೆಯವರು ನಿರ್ಣಯಿಸಬೇಕು.

ನಮ್ಮೂರಿನ ಮನೆಗಳಿಗೆ ವಿಶೇಷವಾದ ಎರಡು ಸಂಗತಿಗಳಿವೆ. ಮೊದಲನೆಯದು ಮುರಕಲ್ಲಿನ ಗೋಡೆ. ದಪ್ಪನೆಯ ಗೋಡೆಯನ್ನು ದಾಟುವಾಗ ರೇಡಿಯೋ ಅಲೆ ಸೊರಗುತ್ತದೆ. ವೈಫೈ ಸಾಮಾನ್ಯವಾಗಿ ಬಳಸುವ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಮೊದಲನೆಯದು ದೂರ ಹೋಗುತ್ತದೆ, ಆದರೆ ನಿಧಾನ; ಎರಡನೆಯದು ಚುರುಕು, ಆದರೆ ಗೋಡೆಗಳೆದುರು ಬೇಗನೆ ಸೋಲುತ್ತದೆ. ಪೆಟ್ಟಿಗೆಯನ್ನು ಲೈನು ಒಳಬಂದ ಮೂಲೆಯಲ್ಲಿಯೇ ಬಿಡದೆ, ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ ಇಡಿಸಿರಿ. ಕಬ್ಬಿಣದ ಕಪಾಟಿನೊಳಗೆ ಇಡಬೇಡಿರಿ. ಮಗು ಓದುವ ಕೋಣೆ ದೂರದಲ್ಲಿದ್ದರೆ ಒಂದು ಈಥರ್ನೆಟ್ ಕೇಬಲನ್ನು ಎಳೆಸುವುದು ಮೇಲು. 100 ಮೀಟರಿನವರೆಗೂ ಅದು ಭರವಸೆಯಿಂದ ಕೆಲಸ ಮಾಡುತ್ತದೆ.

ಎರಡನೆಯದು ಸಿಡಿಲು. ಎಪ್ರಿಲ್-ಮೇ ತಿಂಗಳ ಮಳೆಯಲ್ಲಿಯೂ ತುಲಾಮಾಸದ ಮಳೆಯಲ್ಲಿಯೂ ಇಲ್ಲಿನ ಗುಡುಗು-ಸಿಡಿಲಿನ ಅಬ್ಬರ ನಿಮಗೆ ಗೊತ್ತೇ ಇದೆ. ಗಾಜಿನ ಎಳೆ ವಿದ್ಯುತ್ತನ್ನು ಹರಿಸದು ಎಂದು ನಿಶ್ಚಿಂತರಾಗಬಾರದು. ಪೆಟ್ಟಿಗೆಗೆ ವಿದ್ಯುತ್ ಕೊಡುವ ತಂತಿಯ ಮೂಲಕವೂ ತಾಮ್ರದ ಕೇಬಲಿನ ಮೂಲಕವೂ ಆಘಾತ ಬರಬಹುದು. ಮೋಡ ಕವಿಯುವಾಗಲೇ, ಗುಡುಗು ಹತ್ತಿರವಾಗುವ ಮುನ್ನ, ಪ್ಲಗ್ಗನ್ನೂ ಕೇಬಲನ್ನೂ ಕಳಚಿಡುವುದು ಒಳ್ಳೆಯದು. ಸಿಡಿಲು ಆರಂಭವಾದ ಮೇಲೆ ಅವುಗಳನ್ನು ಮುಟ್ಟಲು ಹೋಗಬಾರದು.

ಹೆತ್ತವರೇ, ಇಷ್ಟು ಹೊತ್ತು ನಾನು ಹೇಳಿದುದರಲ್ಲಿ ವಿಳಾಸ, ಬೀಗ, ಗೋಡೆ, ಪಾಲು, ಯಜಮಾನ ಮುಂತಾದ ಮಾತುಗಳೇ ಹೆಚ್ಚಾಗಿವೆ. ಇವು ಯಾವುವೂ ನಿಮಗೆ ಹೊಸತಲ್ಲ. "ಅದೆಲ್ಲ ಇಂಗ್ಲಿಷು ಬಲ್ಲವರ ಕೆಲಸ" ಎಂಬ ಅಳುಕನ್ನು ಹಲವು ತಾಯಂದಿರ ಮುಖದಲ್ಲಿ ಕಂಡಿದ್ದೇನೆ. ಅಳುಕಿನ ಕಾರಣ ಭಾಷೆಯಾದರೆ ಅದನ್ನು ನೀಗಿಸುವುದು ಕನ್ನಡ ಶಾಲೆಯ ಹೊಣೆ. ಕನ್ನಡದಲ್ಲಿ ಕಲಿತವರು ಯಂತ್ರದೆದುರು ಕೈಕಟ್ಟಿ ನಿಲ್ಲಬೇಕಾದವರಲ್ಲ ಎಂಬುದನ್ನು ಮಕ್ಕಳು ಮೊದಲು ಮನೆಯಲ್ಲಿ ನೋಡಬೇಕು. ತಾಯಿಗೆ ಇದೇನೂ ತಿಳಿಯದು ಎಂದು ಮಗು ಒಮ್ಮೆ ನಿಶ್ಚಯಿಸಿಕೊಂಡರೆ ಆ ಪೆಟ್ಟಿಗೆಯ ಮೂಲಕ ಒಳಬರುವ ಒಳಿತು-ಕೆಡುಕುಗಳ ಬಗ್ಗೆ ತಾಯಿ ಹೇಳುವ ಮಾತಿನ ತೂಕವೂ ಕಡಿಮೆಯಾಗುತ್ತದೆ. ಮಕ್ಕಳನ್ನು ಕಾವಲು ಕಾಯಲೆಂದು ಕಲಿಯಿರಿ ಎನ್ನುತ್ತಿಲ್ಲ, ಅವರ ಜೊತೆಗೆ ಕುಳಿತು ಮಾತನಾಡಲು ಕಲಿಯಿರಿ ಎನ್ನುತ್ತಿದ್ದೇನೆ.

ಈ ವಾರವೇ ಒಂದು ಕೆಲಸ ಮಾಡಿರಿ. ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟವನ್ನು ಜಾಲಕ್ಕಾಗಿ ಮೀಸಲಿಡಿರಿ. ಸಂಪರ್ಕ ಯಾರ ಹೆಸರಿನಲ್ಲಿದೆ, ದೂರು ಹೇಳಬೇಕಾದ ಸಂಖ್ಯೆ ಯಾವುದು, ಎರಡು ಪಾಸ್‌ವರ್ಡುಗಳು ಯಾವುವು, ಮನೆಯಲ್ಲಿ ಎಷ್ಟು ಸಾಧನಗಳಿವೆ, ತಿಂಗಳ ಬಾಡಿಗೆ ಎಷ್ಟು ಎಂಬುದನ್ನು ಕನ್ನಡದಲ್ಲಿಯೇ ಬರೆದು, ಆ ಪುಸ್ತಕವನ್ನು ಜೋಪಾನವಾಗಿ ತೆಗೆದಿಡಿರಿ. ಬರೆಯಲು ಆಗದವರು ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಬರೆಸಿರಿ. ಸಂಶಯವಿದ್ದರೆ ಶಾಲೆಗೆ ಬನ್ನಿರಿ. ನಮ್ಮ ಲಿಟಲ್ ಕೈಟ್ಸ್ ಘಟಕದ ಮಕ್ಕಳು ಮತ್ತು ಅಧ್ಯಾಪಕರು ತೋರಿಸಿಕೊಡುತ್ತಾರೆ. ಬೆಂಗಳೂರು, ಮಂಗಳೂರು, ಕೊಲ್ಲಿ ನಾಡುಗಳಲ್ಲಿ ಇದೇ ಉದ್ಯೋಗದಲ್ಲಿರುವ ಹಳೆ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ರಜೆಯಲ್ಲಿ ಊರಿಗೆ ಬಂದಾಗ ನೆರೆಯ ಎರಡು ಮನೆಗಳಿಗೆ ಹೋಗಿ, ಕೆಲಸವನ್ನು ನೀವೇ ಮಾಡಿ ಮುಗಿಸದೆ, ಅವರ ಕೈಯಿಂದ ಮಾಡಿಸಿರಿ. ಈ ಶಾಲೆ ನಿಮಗೆ ಅಕ್ಷರ ಕಲಿಸಿದ್ದು ಹಾಗೆಯೇ. ಸ್ಲೇಟಿನ ಮೇಲೆ ನಿಮ್ಮ ಕೈಯನ್ನು ಹಿಡಿದು ತಿದ್ದಿಸಿತೇ ಹೊರತು ನಿಮ್ಮ ಪಾಲಿಗೆ ತಾನೇ ಬರೆದು ಕೊಡಲಿಲ್ಲ.