ಕಲ್ನಾರಿನ ಕ್ಯಾನ್ಸರ್ ಮತ್ತು ಪರಿಹಾರದ ಕಾನೂನು

(ತುರುವೇಕೆರೆಯಲ್ಲಿ ತೆಂಗು ಬೆಳೆಗಾರರು ಹಾಗೂ ಕಟ್ಟಡ ಕಾರ್ಮಿಕರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ತೆಂಗಿನ ಸೀಮೆಯವರಿಗೆ ನಾರೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಮಟ್ಟೆಯಿಂದ ಬಿಡಿಸಿದ ನಾರು ಹಗ್ಗವಾಗುತ್ತದೆ, ಹಾಸುಗೆಯಾಗುತ್ತದೆ, ಕಡೆಗೆ ಮರದ ಬುಡದಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಕಲ್ಲಿನಲ್ಲಿಯೂ ನಾರುಂಟು. ಆಸ್ಬೆಸ್ಟಾಸ್ ಎಂಬ ಖನಿಜಕ್ಕೆ ಕನ್ನಡದಲ್ಲಿ ಕಲ್ನಾರು ಎಂಬ ಚೆಂದದ ಹೆಸರಿದೆ. ಪಕ್ಕದ ಹಾಸನ ಜಿಲ್ಲೆಯ ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿ ಈ ಖನಿಜ ದೊರೆಯುತ್ತದೆ. ಇದು ಸುಡುವುದಿಲ್ಲ, ಕೊಳೆಯುವುದಿಲ್ಲ, ಹುಳು ಹಿಡಿಯುವುದಿಲ್ಲ. ಈ ಗುಣಗಳಿಗಾಗಿಯೇ ಅದನ್ನು ಸಿಮೆಂಟಿನೊಡನೆ ಬೆರೆಸಿ ಮಾಡಿನ ಶೀಟುಗಳನ್ನು ಮಾಡಲಾಯಿತು. ಉಸಿರಿನೊಡನೆ ಒಳಹೊಕ್ಕ ಎಳೆಯನ್ನು ಶ್ವಾಸಕೋಶವೂ ಕರಗಿಸಲಾರದು ಎಂಬುದು ಅದೇ ಗುಣದ ಇನ್ನೊಂದು ಮುಖ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆ ಇದನ್ನು ಯಾರೂ ಆಸ್ಬೆಸ್ಟಾಸ್ ಎನ್ನುವುದಿಲ್ಲ. ಸಿಮೆಂಟ್ ಶೀಟು ಎನ್ನುತ್ತಾರೆ. ಗರಿ ಮಾಡೂ ನಾಡಹೆಂಚೂ ಹೋದ ಕಡೆಗಳಲ್ಲೆಲ್ಲ ಅದು ಬಂದು ಕುಳಿತಿದೆ. ಉಂಡೆ ಕೊಬ್ಬರಿಗಾಗಿ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬೆಚ್ಚಗಿದ್ದು ಒಣಗಬೇಕು. ಶೀಟಿನ ಕೆಳಗೆ ಆ ಕಾವು ಸಲೀಸಾಗಿ ಸಿಗುತ್ತದೆ. ದನದ ಕೊಟ್ಟಿಗೆ, ಪಂಪ್ ಮನೆ, ಬಾಡಿಗೆ ಕೋಣೆಗಳ ಸಾಲು, ಎಲ್ಲಕ್ಕೂ ಅದೇ ಹೊದಿಕೆ. ಮಲೆನಾಡಿನ ಅಡಿಕೆ ಮನೆಗಳೂ ಇದಕ್ಕೆ ಹೊರತಲ್ಲ.

ಇಲ್ಲಿ ಅನಗತ್ಯ ಭೀತಿಯನ್ನು ಹಬ್ಬಿಸಬಾರದು. ಬಿರುಕಿಲ್ಲದ, ಗಟ್ಟಿಯಾದ ಶೀಟಿನ ಕೆಳಗೆ ಮಲಗುವವನಿಗೂ ದಿನವಿಡೀ ಗರಗಸದಿಂದ ಅದನ್ನು ಕೊಯ್ಯುವವನಿಗೂ ಇರುವ ಅಪಾಯ ಒಂದೇ ಅಲ್ಲ. ಎಳೆಗಳು ಗಾಳಿಗೆ ಸೇರುವುದು ಕೊಯ್ಯುವಾಗ, ಬೋಲ್ಟಿಗಾಗಿ ತೂತು ಕೊರೆಯುವಾಗ, ಪಾಚಿ ಉಜ್ಜುವಾಗ, ಗಾಳಿಮಳೆಗೆ ಒಡೆದ ಚೂರುಗಳನ್ನು ಪುಡಿಮಾಡಿ ದಾರಿಯ ಗುಂಡಿಗೆ ತುಂಬುವಾಗ. ಮೈಮೇಲೆ ಕುಳಿತ ಬಿಳಿಯ ಧೂಳನ್ನು ಟವಲಿನಿಂದ ಕೊಡವಿ, ಅದೇ ಬಟ್ಟೆಯಲ್ಲಿ ಮನೆಗೆ ಹೋಗುವ ಮೇಸ್ತ್ರಿಯ ಹೆಂಡತಿಯೂ ಬಟ್ಟೆ ಒಗೆಯುವಾಗ ಆ ಧೂಳನ್ನು ಉಸಿರಾಡುತ್ತಾಳೆ. ಬಿಳಿಯ ಕಲ್ನಾರೂ ಸೇರಿದಂತೆ ಕಲ್ನಾರಿನ ಎಲ್ಲ ಬಗೆಗಳನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶವನ್ನು ಸುತ್ತುವರಿದ ಪೊರೆಗೆ ಬರುವ ಮೀಸೋಥೀಲಿಯೋಮಾ, ಶ್ವಾಸಕೋಶ ಗಡುಸಾಗುವ ಆಸ್ಬೆಸ್ಟೋಸಿಸ್ ಇವು ಮುಖ್ಯವಾದ ರೋಗಗಳು. ಬೀಡಿ ಸೇದುವವನು ಕಲ್ನಾರಿನ ಧೂಳನ್ನೂ ಕುಡಿದರೆ ಶ್ವಾಸಕೋಶದ ಕ್ಯಾನ್ಸರಿನ ಸಾಧ್ಯತೆ ಹಲವು ಪಟ್ಟು ಹೆಚ್ಚುತ್ತದೆ.

ಕಾನೂನಿನ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಧೂಳು ಕುಡಿದ ದಿನಕ್ಕೂ ರೋಗ ಕಾಣಿಸಿದ ದಿನಕ್ಕೂ ನಡುವೆ ಇಪ್ಪತ್ತರಿಂದ ನಲವತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಅಂತರವಿರುತ್ತದೆ. ಇಪ್ಪತ್ತೈದರ ಹರೆಯದಲ್ಲಿ ಊರು ಬಿಟ್ಟು ಕಾರ್ಖಾನೆ ಸೇರಿದವನೊಬ್ಬ ಅರವತ್ತಕ್ಕೆ ಊರಿಗೆ ಮರಳಿ ತೋಟ ನೋಡಿಕೊಂಡಿರುವಾಗ ಎದೆಯಲ್ಲಿ ನೀರು ತುಂಬಿಕೊಂಡಿತು ಎಂದಿಟ್ಟುಕೊಳ್ಳಿ. ಕ್ಷಯವೆಂದು ಬಗೆದು ಕೆಲಕಾಲ ಮದ್ದು ನಡೆಯಬಹುದು. ಆತ ಎಂದೋ ಮಾಡಿದ ಕೆಲಸವನ್ನು ಯಾರೂ ಕೇಳುವುದಿಲ್ಲ, ಆತನೂ ಹೇಳುವುದಿಲ್ಲ. ಕಾರ್ಖಾನೆಯ ಹೆಸರು ಬದಲಾಗಿರುತ್ತದೆ, ಗುತ್ತಿಗೆದಾರ ತೀರಿಕೊಂಡಿರುತ್ತಾನೆ, ಹಾಜರಿ ಪುಸ್ತಕ ಗೆದ್ದಲಿಗೆ ಆಹಾರವಾಗಿರುತ್ತದೆ.

ಭಾರತದಲ್ಲಿ ಈ ರೋಗಗಳಿಗೆ ಪರಿಹಾರ ಕೊಡುವ ಕಾನೂನೇ ಇಲ್ಲವೆಂಬ ಮಾತು ಸರಿಯಲ್ಲ. 1923ರ ಕಾರ್ಮಿಕ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯು ಕಲ್ನಾರಿನಿಂದ ಬಂದ ಶ್ವಾಸಕೋಶದ ಕ್ಯಾನ್ಸರನ್ನೂ ಮೀಸೋಥೀಲಿಯೋಮಾವನ್ನೂ ಆಸ್ಬೆಸ್ಟೋಸಿಸನ್ನೂ ಔದ್ಯೋಗಿಕ ರೋಗಗಳೆಂದು ಪಟ್ಟಿ ಮಾಡಿತ್ತು. ಈ ಕ್ಯಾನ್ಸರುಗಳ ವಿಷಯದಲ್ಲಿ ಆರು ತಿಂಗಳು ಎಡೆಬಿಡದೆ ಅಂಥ ಕೆಲಸ ಮಾಡಿದ್ದರೆ ರೋಗ ಕೆಲಸದಿಂದಲೇ ಬಂದಿತೆಂದು ಕಾನೂನು ಭಾವಿಸುತ್ತಿತ್ತು. ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು. ಕೆಲಸ ಬಿಟ್ಟ ಮೇಲೆ ರೋಗ ಬಂದರೂ ಹಕ್ಕು ಉಳಿಯುತ್ತಿತ್ತು, ಆದರೆ ಆಗ ರೋಗಕ್ಕೂ ಕೆಲಸಕ್ಕೂ ಇರುವ ನಂಟನ್ನು ಕಾರ್ಮಿಕನೇ ತೋರಿಸಬೇಕಿತ್ತು. ಕಲ್ನಾರಿನ ಕ್ಯಾನ್ಸರ್ ಹೆಚ್ಚಾಗಿ ಬರುವುದೇ ಕೆಲಸ ಬಿಟ್ಟ ಮೇಲೆ. ಎಂದರೆ ಕಾನೂನಿನ ಅನುಕೂಲಕರ ಭಾಗ ಈ ರೋಗಿಗಳಲ್ಲಿ ಬಹುಪಾಲು ಜನರ ಕೈಗೆ ಎಟುಕಿದ್ದೇ ಇಲ್ಲ. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ರೋಗಗಳ ಅನುಸೂಚಿಯನ್ನು ಅದು ಉಳಿಸಿಕೊಂಡಿದೆ. ಅರ್ಜಿ ಸಲ್ಲಿಸಲು ಎರಡು ವರ್ಷದ ಮಿತಿಯುಂಟು. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದು. ಇಎಸ್‌ಐ ವಿಮೆ ಇದ್ದ ಕಾರ್ಮಿಕನು ಈ ದಾರಿಯಲ್ಲಿ ಹೋಗುವಂತಿಲ್ಲ, ಇಎಸ್‌ಐ ನಿಗಮದಿಂದಲೇ ಅಂಗವೈಕಲ್ಯದ ಅಥವಾ ಅವಲಂಬಿತರ ಸೌಲಭ್ಯ ಪಡೆಯಬೇಕು. ಹಳೆಯ ಇಎಸ್‌ಐ ಸಂಖ್ಯೆಯನ್ನು ಎಸೆಯಬಾರದೆನ್ನುವುದು ಇದಕ್ಕಾಗಿ.

ಹಣದ ಲೆಕ್ಕವನ್ನೂ ಒಮ್ಮೆ ನೋಡಬೇಕು. ಹಳೆಯ ಕಾಯಿದೆಯಡಿ 2020ರ ಜನವರಿಯ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಗರಿಷ್ಠ ಮಿತಿ 15,000 ರೂಪಾಯಿ. ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಕೂಲಿಯ ಶೇ. 60ರಷ್ಟನ್ನು ವಯಸ್ಸಿಗೆ ಗೊತ್ತುಪಡಿಸಿದ ಗುಣಕದಿಂದ ಗುಣಿಸುತ್ತಾರೆ. ಇಪ್ಪತ್ತೈದು ವಯಸ್ಸಿಗೆ ಆ ಗುಣಕ 216.91, ಅರವತ್ತಕ್ಕೆ 117.41. ಯಂತ್ರಕ್ಕೆ ಸಿಕ್ಕಿ ಇಪ್ಪತ್ತೈದರಲ್ಲಿ ಹೀಗಾದವನಿಗೆ 19,52,190 ರೂಪಾಯಿ; ಇಪ್ಪತ್ತೈದರಲ್ಲಿ ಧೂಳು ಕುಡಿದು ಅರವತ್ತರಲ್ಲಿ ಹಾಸಿಗೆ ಹಿಡಿದವನಿಗೆ 10,56,690 ರೂಪಾಯಿ. ಗಾಯವಾದದ್ದು ಇಬ್ಬರಿಗೂ ಒಂದೇ ಹರೆಯದಲ್ಲಿ. ಎರಡನೆಯವನ ಗಾಯ ತಡವಾಗಿ ಕಣ್ಣಿಗೆ ಬಿತ್ತು, ಅಷ್ಟೆ. ಅದರ ಮೇಲೆ ಮೂವತ್ತು ವರ್ಷದ ಹಿಂದಿನ ಕೂಲಿಯನ್ನೇ ಹಿಡಿಯಬೇಕೆಂದು ಎದುರು ಪಕ್ಷ ವಾದಿಸಿದರೆ ಮೊತ್ತ ಇನ್ನೂ ಕುಸಿಯುತ್ತದೆ. ಕಾನೂನು ಬರೆದವರ ಕಣ್ಣ ಮುಂದೆ ಇದ್ದದ್ದು ಅಪಘಾತ, ನಿಧಾನ ವಿಷವಲ್ಲ.

ನಿಧಾನ ವಿಷವನ್ನು ಅರಿತು ನುಡಿದ ತೀರ್ಪೊಂದು ಇದೆ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರ ಜನವರಿ 27ರಂದು, ಕಾರ್ಮಿಕನ ಆರೋಗ್ಯವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆ ಎಂದು ಸಾರಿತು. ಎಲ್ಲ ಕಲ್ನಾರು ಉದ್ಯಮಗಳೂ ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಟ್ಟಿರಬೇಕೆಂದು ಆದೇಶಿಸಿತು. ಇಎಸ್‌ಐ ಇಲ್ಲದವರಿಗೂ ಆರೋಗ್ಯ ವಿಮೆ ಮಾಡಿಸಬೇಕೆಂದಿತು. ಗುಜರಾತಿನ ಕಾರ್ಮಿಕರನ್ನು ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಿಂದ ಮರುತಪಾಸಣೆ ಮಾಡಿಸಿ, ರೋಗ ಖಚಿತವಾದವರಿಗೆ ತಲಾ ಒಂದು ಲಕ್ಷ ರೂಪಾಯಿ ಕೊಡಿಸಲು ಆಜ್ಞಾಪಿಸಿತು. ಕಲ್ನಾರನ್ನು ಪೂರ್ತಿ ನಿಷೇಧಿಸಬೇಕೆಂಬ ಇನ್ನೊಂದು ಅರ್ಜಿಯನ್ನು ಅದೇ ನ್ಯಾಯಾಲಯ 2011ರ ಜನವರಿಯಲ್ಲಿ ತಳ್ಳಿಹಾಕಿತಾದರೂ 1995ರ ನಿರ್ದೇಶನಗಳು ಪಾಲನೆಯಾಗಲೇಬೇಕೆಂದು ಪುನರುಚ್ಚರಿಸಿತು. ಆದುದರಿಂದ ಹಿಂದೆ ಶೀಟಿನ ಕಾರ್ಖಾನೆಯಲ್ಲಿ ದುಡಿದವರು ತಮ್ಮ ಆರೋಗ್ಯ ದಾಖಲೆಯ ಪ್ರತಿಯನ್ನು ಲಿಖಿತವಾಗಿ ಕೇಳಬಹುದು. ಕೊಡದಿದ್ದರೆ ಆ ನಿರಾಕರಣೆಯೇ ಮುಂದೆ ಒಂದು ಪುರಾವೆ.

ಇದೆಲ್ಲ ಮಾಲೀಕನ ಹೆಸರು ಹೇಳಬಲ್ಲವರ ಮಾತಾಯಿತು. ಇಂದು ಈ ಊರಿನ ತೋಟದಲ್ಲಿ, ನಾಳೆ ಇನ್ನೊಂದು ಊರಿನ ಕೊಟ್ಟಿಗೆಯ ಮೇಲೆ ದಿನಗೂಲಿಗೆ ಶೀಟು ಹೊದಿಸುವವನಿಗೆ ಮಾಲೀಕ ಯಾರು? ಎರಡು ದಿನಕ್ಕೆ ಕರೆದ ರೈತನ ಮೇಲೆ ಹೊಣೆ ಹೊರಿಸುವುದು ಕಾನೂನಿನಲ್ಲಿ ಕಷ್ಟ, ನ್ಯಾಯವೂ ಅಲ್ಲ. ಆ ರೈತನೂ ಶೀಟಿನ ಒಂದು ತುದಿ ಹಿಡಿದು ಅದೇ ಧೂಳು ಕುಡಿದವನು. ಇಂಥವರಿಗೆ ಉಳಿಯುವ ದಾರಿಗಳು ಕಿರಿದು. ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡವರಿಗೆ ಪ್ರಮುಖ ಕಾಯಿಲೆಗಳಿಗೆ ಸಹಾಯಧನವಿದೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ದೊರೆಯುತ್ತದೆ. ಇವು ನೆರವು, ಪರಿಹಾರವಲ್ಲ; ತಪ್ಪು ಯಾರದೆಂದು ಇವು ಕೇಳುವುದಿಲ್ಲ. ಆ ಪ್ರಶ್ನೆ ಕೇಳುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಅಪಾಯದ ಎಚ್ಚರಿಕೆ ಕೊಡದೆ ಮಾರಿದ ವಸ್ತುವಿನಿಂದ ಹಾನಿಯಾದರೆ ತಯಾರಕನನ್ನು ಹೊಣೆ ಮಾಡಬಹುದೆಂದು ಅದು ಹೇಳುತ್ತದೆ. ಆದರೆ ಮೂವತ್ತು ವರ್ಷದ ಹಿಂದೆ ಕೊಂಡ ಶೀಟಿನ ರಸೀದಿ ಯಾರ ಬಳಿ ಇದ್ದೀತು? ಕಾರ್ಖಾನೆಯ ಅಥವಾ ತ್ಯಾಜ್ಯದ ರಾಶಿಯ ನೆರೆಯಲ್ಲಿದ್ದು ಕಾಯಿಲೆಬಿದ್ದವರು 2010ರ ಕಾಯಿದೆಯಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಐದು ವರ್ಷದೊಳಗೆ ಹೋಗಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಪೀಠ ಚೆನ್ನೈಯಲ್ಲಿದೆ.

ಈ ಕೊರತೆಯನ್ನು ತುಂಬಿಕೊಂಡ ದೇಶಗಳಿವೆ. ಫ್ರಾನ್ಸ್ 2000ದ ಡಿಸೆಂಬರಿನಲ್ಲಿ ಶಾಸನ ಮಾಡಿ, ಕೆಲಸದಿಂದ ರೋಗ ಬಂದವರಿಗೂ ನೆರೆಹೊರೆಯಿಂದ ಬಂದವರಿಗೂ ಒಂದೇ ಪರಿಹಾರ ನಿಧಿಯನ್ನು ಸ್ಥಾಪಿಸಿತು. ಜಪಾನಿನ ಅಮಗಾಸಾಕಿ ನಗರದಲ್ಲಿ ಕಾರ್ಖಾನೆಯೊಳಗೆ ಎಂದೂ ಕಾಲಿಡದ ನಿವಾಸಿಗಳಲ್ಲಿ ಮೀಸೋಥೀಲಿಯೋಮಾ ಇರುವುದು 2005ರಲ್ಲಿ ಬಯಲಾಯಿತು. ಮರುವರ್ಷವೇ ಅವರಂಥವರಿಗಾಗಿ ಪರಿಹಾರ ಕಾನೂನು ಬಂದಿತು. ಬ್ರಿಟನ್ನಿನ 2014ರ ಶಾಸನವು ಮಾಲೀಕನೂ ವಿಮಾ ಕಂಪನಿಯೂ ಪತ್ತೆಯಾಗದ ಮೀಸೋಥೀಲಿಯೋಮಾ ರೋಗಿಗಳಿಗೆ ವಿಮಾ ಕಂಪನಿಗಳಿಂದ ಸಂಗ್ರಹಿಸಿದ ಹಣದಿಂದ ಪಾವತಿ ಮಾಡಿಸುತ್ತದೆ. ಭಾರತದಲ್ಲಿ ಅಂಥ ನಿಧಿ ಇಲ್ಲ. ವರ್ಷವರ್ಷವೂ ಹೊರದೇಶಗಳಿಂದ ಕಲ್ನಾರು ತರಿಸಿಕೊಳ್ಳುವ ಉದ್ಯಮದ ಮೇಲೆ ಟನ್ನಿಗಿಷ್ಟೆಂದು ಸುಂಕ ವಿಧಿಸಿ ಅಂಥ ನಿಧಿ ಕಟ್ಟಬೇಕೆಂಬ ಬೇಡಿಕೆಯನ್ನು ತೆಂಗು ಬೆಳೆಗಾರರೂ ಕಟ್ಟಡ ಕಾರ್ಮಿಕರೂ ಜೊತೆಯಾಗಿ ಮುಂದಿಡಬೇಕಾದ ಕಾಲ ಬಂದಿದೆ.

ನಿಧಿ ಬರುವವರೆಗೆ ಕಾಗದವೇ ಗತಿ. ಎದೆಯ ತೊಂದರೆಗೆ ಆಸ್ಪತ್ರೆಗೆ ಹೋದವರು ತಾವು ಯಾವ ಯಾವ ವರ್ಷ ಎಲ್ಲೆಲ್ಲಿ ಏನು ಕೆಲಸ ಮಾಡಿದೆವೆಂಬುದನ್ನು ವೈದ್ಯರಿಗೆ ತಿಳಿಸಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಕಾರ್ಖಾನೆಯಲ್ಲಿ ದುಡಿದವರಲ್ಲಿ ಆಸ್ಬೆಸ್ಟೋಸಿಸ್ ಕಂಡರೆ ಇಲಾಖೆಗೆ ವರದಿ ಮಾಡುವುದು ವೈದ್ಯರ ಕಾನೂನುಬದ್ಧ ಕರ್ತವ್ಯವೆಂಬುದನ್ನು ವಿನಯದಿಂದಲೇ ನೆನಪಿಸಬಹುದು. ಬಯಾಪ್ಸಿಯ ವರದಿ, ಸ್ಕ್ಯಾನಿನ ಫಿಲ್ಮು ಇವನ್ನು ಒದ್ದೆಯಾಗದಂತೆ ಇಡಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋದವರೂ ಹೀಗೆಯೇ ಮಾಡಬೇಕು. ದೇವನಹಳ್ಳಿಯ ಬಳಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರವಿದೆ. ಜೊತೆಯಲ್ಲಿ ದುಡಿದ ಇಬ್ಬರು ಮೂವರ ಪ್ರಮಾಣಪತ್ರವನ್ನು ಅವರು ಬದುಕಿರುವಾಗಲೇ ಮಾಡಿಸಿಡಬೇಕು. ಇಂಥ ಕೆಲಸದ ಜೊತೆಗಾರರು ಬೇಗ ತೀರಿಕೊಳ್ಳುತ್ತಾರೆ. ರೋಗಿ ತೀರಿಕೊಂಡರೆ ಮರಣ ಪ್ರಮಾಣಪತ್ರದಲ್ಲಿ ಬರಿಯ ‘ಹೃದಯಾಘಾತ’ ಎಂದು ಬರೆಯಲು ಬಿಡಬಾರದು. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ 1987ರ ಕಾಯಿದೆಯಂತೆ ಅಲ್ಲಿ ಉಚಿತವಾಗಿ ವಕೀಲರನ್ನು ನೇಮಿಸಿಕೊಡುತ್ತಾರೆ. ಈಗ ಶೀಟಿನ ಕೆಲಸಕ್ಕೆ ಹೋಗುತ್ತಿರುವ ಹುಡುಗರು ಒಂದು ನೋಟ್‌ಬುಕ್ ಇಟ್ಟು ತಾರೀಖು, ಊರು, ಕೆಲಸ ಕೊಟ್ಟವರ ಹೆಸರು, ಶೀಟಿನ ಮೇಲೆ ಅಚ್ಚಾಗಿರುವ ಕಂಪನಿಯ ಹೆಸರನ್ನು ಅಂದಂದೇ ಬರೆದುಕೊಳ್ಳಲಿ. ಕೊಯ್ಯುವ ಮುನ್ನ ಶೀಟನ್ನು ಚೆನ್ನಾಗಿ ನೀರಿನಲ್ಲಿ ನೆನೆಸಲಿ.