ಆತ್ಮಪರಿಚಯವೂ ವೃತ್ತಿಧರ್ಮವೂ



ಹುಣಸೂರು ತಾಲ್ಲೂಕಿನಲ್ಲಿ ಲಕ್ಷ್ಮಣತೀರ್ಥದ ದಡದಲ್ಲಿರುವ ಈ ಊರಿನಲ್ಲಿ ಎರಡು ದಿನಗಳ ಕಾಲ ನಡೆಯಲಿರುವ ವಿಚಾರಸಂಕಿರಣಕ್ಕೆ ಆತ್ಮಪರಿಚಯ, ಕಾರ್ಯದಕ್ಷತೆ ಎಂಬ ಎರಡು ಮಾತುಗಳನ್ನು ಜೋಡಿಸಿ ವಿಷಯವನ್ನಾಗಿ ಇಟ್ಟಿರುವುದು ನನಗೆ ಬಹಳ ಸಂತೋಷವನ್ನುಂಟುಮಾಡಿದೆ. ನಮ್ಮ ದೇಶದಲ್ಲಿ ತನ್ನನ್ನು ತಾನು ಅರಿಯುವುದು ಎಂದೊಡನೆ ಕೇಳುವವರ ಮನಸ್ಸು ಗುಹೆಯ ಕಡೆಗೋ, ಮಠದ ಕಡೆಗೋ, ಮುಚ್ಚಿದ ಕಣ್ಣುಗಳ ಕಡೆಗೋ ಹರಿಯುವುದು ಸಹಜ. ಆ ಮಾರ್ಗದಲ್ಲಿ ನನಗೆ ಪೂಜ್ಯಭಾವವಿದೆ. ಆದರೆ ಬೆಳಿಗ್ಗೆ ಹತ್ತು ಗಂಟೆಗೆ ಕಚೇರಿಯ ಬಾಗಿಲು ತೆರೆದು, ಪಿಂಚಣಿಗೆಂದು ಮೂರನೆಯ ಸಲ ಬಂದು ನಿಂತಿರುವ ಮುದುಕಿಯ ಮುಖವನ್ನು ನೋಡಬೇಕಾದವನಿಗೆ, ಐವತ್ತು ಮಕ್ಕಳು ಕಾದಿರುವ ತರಗತಿಯೊಳಕ್ಕೆ ಕಾಲಿಡಬೇಕಾದವಳಿಗೆ, ಕಣ್ಣು ತೆರೆದುಕೊಂಡೇ ಸಾಧಿಸಬೇಕಾದ ಇನ್ನೊಂದು ಬಗೆಯ ಆತ್ಮಪರಿಚಯವುಂಟು. ಅದನ್ನು ಕುರಿತು ನಮ್ಮಲ್ಲಿ ನಡೆದಿರುವ ಚಿಂತನೆ ಸಾಲದು. ಉದ್ಯೋಗಸ್ಥನಾದವನು ತನ್ನನ್ನು ಅರಸತಕ್ಕದ್ದು ತನ್ನ ಅಂತರಂಗಕ್ಕಿಂತ ಮೊದಲು ತನ್ನ ಕೆಲಸವು ಇತರರ ಬದುಕಿನಲ್ಲಿ ಬಿಟ್ಟುಹೋದ ಗುರುತುಗಳಲ್ಲಿ ಎಂಬುದೇ ನಾನು ತಮ್ಮ ಮುಂದಿಡಬಯಸುವ ಆಶಯ.

ಈ ಮಾತಿಗೆ ನನ್ನದೇ ಒಂದು ತಪ್ಪು ಆಧಾರ. ಅಧ್ಯಾಪಕ ವೃತ್ತಿಗೆ ಸೇರಿದ ಆರಂಭದ ವರ್ಷಗಳಲ್ಲಿ, ಈ ಭಾಗದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ, ಕಾಲನಿಷ್ಠೆಯೇ ಶಿಕ್ಷಣದ ಮೊದಲ ಪಾಠವೆಂದು ನಾನು ದೃಢವಾಗಿ ನಂಬಿದ್ದೆನು. ಪ್ರಾರ್ಥನೆ ಮುಗಿದ ಮೇಲೆ ಬಂದ ಹುಡುಗನ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯ ಗುರುತು ಹಾಕುತ್ತಿದ್ದೆನು. ಮೂರು ಗುರುತಾದವನನ್ನು ಒಂದು ಅವಧಿ ಹೊರಗೆ ನಿಲ್ಲಿಸುತ್ತಿದ್ದೆನು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ವಾರದಲ್ಲಿ ನಾಲ್ಕು ದಿನ ತಡವಾಗಿ ಬರುತ್ತಿದ್ದನು, ಬಂದ ಮೇಲೂ ತೂಕಡಿಸುತ್ತಿದ್ದನು. ತಂದೆಯನ್ನು ಕರೆತರಲು ಹೇಳಿದೆನು, ತಂದೆ ಬರಲಿಲ್ಲ. ಶ್ರಾವಣದ ಒಂದು ಸಂಜೆ, ಸೋನೆಮಳೆಯಲ್ಲಿ, ನಾನೇ ಅವರ ಹೊಲಕ್ಕೆ ಹೋದೆನು.

ಹೊಲದ ಅಂಚಿನಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಇತ್ತು. ಒಳಗೆ, ಕಡ್ಡಿಗಳಿಗೆ ಕಟ್ಟಿದ ಎಲೆ ಸೂರಿನ ತನಕ ಸಾಲುಸಾಲಾಗಿ ತೂಗುತ್ತಿತ್ತು. ಹೊರಗೆ, ಒಲೆಯ ಬಾಯಿಗೆ ತಂದೆ ಸೌದೆ ತಳ್ಳುತ್ತಿದ್ದರು. ತಮ್ಮಲ್ಲಿ ಅನೇಕರು ಬಲ್ಲಂತೆ ಎಲೆಯನ್ನು ಮೊದಲು ಮಂದವಾದ ಶಾಖದಲ್ಲಿ ಹಳದಿಗೆ ತಿರುಗಿಸಬೇಕು, ಅನಂತರ ಕಾವೇರಿಸಿ ಎಲೆಯನ್ನು ಒಣಗಿಸಬೇಕು, ಕೊನೆಗೆ ಇನ್ನೂ ಏರಿಸಿ ನಡುದಂಟನ್ನು ಒಣಗಿಸಬೇಕು. ಹಲವು ಹಗಲು ಹಲವು ರಾತ್ರಿ ಎಡೆಬಿಡದೆ ನಡೆಯುವ ಈ ಕ್ರಿಯೆಯಲ್ಲಿ ಒಂದು ರಾತ್ರಿ ಎಚ್ಚರ ತಪ್ಪಿದರೆ ಎಲೆಯ ಬಣ್ಣ ಕೆಡುವುದು. ಬಣ್ಣ ಕೆಟ್ಟರೆ ಹರಾಜು ಮಾರುಕಟ್ಟೆಯಲ್ಲಿ ಸೊಪ್ಪಿನ ಬೇಲ್‌ಗೆ ಬೆಲೆ ಇಳಿಯುವುದು, ವರ್ಷದ ದುಡಿಮೆಯೆಲ್ಲ ಸಾಲಕ್ಕೆ ಸಲ್ಲುವುದು. ತಂದೆಯ ಕಣ್ಣಿಗೆ ಪೊರೆ ಬಂದಿತ್ತು. ಅವರು ಎದ್ದು ನಿಂತು, ಟವೆಲ್ಲಿನಿಂದ ಕೈ ಒರೆಸಿಕೊಂಡು, “ಮೇಷ್ಟ್ರೇ, ನಂಗೆ ಥರ್ಮಾಮೀಟ್ರು ಕಾಣಾಕಿಲ್ಲ. ಇವ್ನೇ ಕಿಟ್ಕೀಲಿ ಟಾರ್ಚ್ ಬುಟ್ಟು ನೋಡಿ ಯೋಳ್ತಾನೆ. ನೀವು ಕರ್ದಿದ್ದು ಗೊತ್ತಾಯ್ತು, ಒಲೆ ಬುಟ್ಟು ಬರಾಕಾಗ್ನಿಲ್ಲ” ಎಂದರು. ನನ್ನ ತರಗತಿಯಲ್ಲಿ ಉಷ್ಣದ ಪಾಠ ನಡೆಯುವಾಗ ನಿದ್ದೆಹೋಗುತ್ತಿದ್ದ ಆ ಹುಡುಗ ಅಂಗೈಯಗಲದ ಗಾಜಿನ ಕಿಟಕಿಗೆ ಮುಖವಿಟ್ಟು, ಒಳಗೆ ನೇತಾಡುತ್ತಿದ್ದ ಪಾದರಸದ ಗೆರೆಯನ್ನು ಓದಿ, ತಂದೆಗೆ ಅಂಕೆಯನ್ನು ಹೇಳಿದನು. ನಡುರಾತ್ರಿಗೊಮ್ಮೆ, ಎರಡು ಗಂಟೆಗೊಮ್ಮೆ, ಕೋಳಿ ಕೂಗುವ ಹೊತ್ತಿಗೊಮ್ಮೆ ಅವನೇ ಎದ್ದು ಓದಬೇಕಾಗಿತ್ತು.

ಮರುದಿನ ನಾನು ಆ ವರ್ಷದ ಹಾಜರಿ ಪುಸ್ತಕದ ಜೊತೆಗೆ ಹಿಂದಿನ ವರ್ಷದ್ದನ್ನೂ ಬೀರುವಿನಿಂದ ತೆಗೆಸಿ ಮೇಜಿನ ಮೇಲೆ ಬಿಡಿಸಿಟ್ಟುಕೊಂಡೆನು. ಹಿಂದಿನ ವರ್ಷದ ಕೆಂಪು ಗುರುತುಗಳು ಜುಲೈಯಲ್ಲಿ ಮೊದಲಾಗಿ, ಆಗಸ್ಟ್ ಸೆಪ್ಟೆಂಬರುಗಳಲ್ಲಿ ದಟ್ಟವಾಗಿ, ಸೊಪ್ಪಿನ ಕೆಲಸ ಮುಗಿಯುವ ವೇಳೆಗೆ ವಿರಳವಾಗಿ, ಡಿಸೆಂಬರಿನಲ್ಲಿ ಪುಟವೇ ಬೆಳ್ಳಗಾಗಿತ್ತು; ಒಬ್ಬನಲ್ಲ, ಹದಿನಾಲ್ಕು ಮಕ್ಕಳ ಹೆಸರಿನ ಮುಂದೆ ಅದೇ ಕ್ರಮ. ಪ್ರತಿಯೊಂದು ಗುರುತನ್ನೂ ನನ್ನ ಕೈಯೇ ಬರೆದಿತ್ತು. ಬರೆದವನು ಒಮ್ಮೆಯೂ ಓದಿರಲಿಲ್ಲ. ನನ್ನನ್ನು ನಾನು ಶಿಸ್ತಿನ ಮನುಷ್ಯನೆಂದು ತಿಳಿದಿದ್ದೆನು. ಆ ಪುಸ್ತಕ ನನಗೆ ತೋರಿಸಿದ್ದು, ವಿಚಾರಿಸದೆ ತೀರ್ಪು ಕೊಡುವ ಒಬ್ಬ ಮನುಷ್ಯನನ್ನು. ಎಳೆಯ ಹುಡುಗ ರಾತ್ರಿಯೆಲ್ಲ ಜಾಗರಣೆ ಮಾಡುವುದು ಯುಕ್ತವೆಂದು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ಅದು ಯುಕ್ತವಲ್ಲವೆಂದು ಆ ತಂದೆಗೆ ಹೇಳುವ ಅರ್ಹತೆ ನನಗೆ ಬಂದದ್ದು ಆ ಸಂಜೆ ಅವರ ಒಲೆಯ ಮುಂದೆ ನಿಂತ ಮೇಲೆ. ಆ ತಿಂಗಳುಗಳಲ್ಲಿ ಮೊದಲ ಅವಧಿಯ ಪಾಠವನ್ನು ಸಂಜೆ ಇನ್ನೊಮ್ಮೆ ಹೇಳತೊಡಗಿದೆನು. ಆತ್ಮಪರಿಚಯದಿಂದ ನನ್ನ ವೃತ್ತಿಗೆ ಆದ ಮೊದಲ ಪ್ರಯೋಜನ ಅದು.

ಮನಸ್ಸಿನ ಈ ಕುರುಡನ್ನು ಶಾಸ್ತ್ರವೂ ಬಲ್ಲದು. 1955ರಲ್ಲಿ ಅಮೆರಿಕದ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ತಮ್ಮ ಹೆಸರುಗಳ ಮೊದಲ ಭಾಗಗಳನ್ನೇ ಕೂಡಿಸಿ ‘ಜೊಹಾರಿ ಕಿಟಕಿ’ ಎಂದು ಕರೆದ ಒಂದು ಚೌಕಟ್ಟನ್ನು ರಚಿಸಿದರು: ನನಗೂ ಪರರಿಗೂ ತಿಳಿದದ್ದು, ನನಗೆ ಮಾತ್ರ ತಿಳಿದದ್ದು, ಪರರಿಗೆ ಮಾತ್ರ ತಿಳಿದದ್ದು, ಯಾರಿಗೂ ತಿಳಿಯದ್ದು ಎಂದು ಅದಕ್ಕೆ ನಾಲ್ಕು ಅಂಕಣಗಳು. ಉದ್ಯೋಗ ತರಬೇತಿಯ ಶಿಬಿರಗಳಲ್ಲಿ ಇದನ್ನು ಕರಿಹಲಗೆಯ ಮೇಲೆ ಬರೆದು ಅಳಿಸಿಬಿಡುವುದುಂಟು. ಮೂರನೆಯ ಅಂಕಣದಲ್ಲಿರುವುದನ್ನು ನಾನು ಎಷ್ಟು ಹೊತ್ತು ಏಕಾಂತದಲ್ಲಿ ಕುಳಿತರೂ ಕಾಣಲಾರೆನು, ಇನ್ನೊಬ್ಬರು ಹೇಳಬೇಕು, ನಾನು ಹೇಳಗೊಡಬೇಕು ಎಂಬ ಅದರ ತಿರುಳು ಮಾತ್ರ ಹಲಗೆಯ ಜೊತೆಗೆ ಅಳಿಸಿಹೋಗಬಾರದು.

ಹೇಳಗೊಡುವುದನ್ನು ಒಂದು ವಿದ್ಯೆಯನ್ನಾಗಿ ಬೆಳೆಸಿಕೊಂಡವರು ನಮ್ಮ ನೆರೆಯಲ್ಲೇ ಇದ್ದಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1961ರ ಸುಮಾರಿಗೆ ನೆಲೆನಿಂತ ಟಿಬೆಟ್ಟಿನ ನಿರಾಶ್ರಿತರು, ತಮ್ಮ ದೇಶದಲ್ಲಿ ಕಳೆದುಕೊಂಡ ಸೆರಾ ವಿಹಾರವನ್ನು ಇಲ್ಲಿ ಮತ್ತೆ ಕಟ್ಟಿದರು. ಅದರ ವಾದಾಂಗಣದಲ್ಲಿ ಉತ್ತರ ಹೇಳುವ ಭಿಕ್ಷು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನಿಸುವವನು ನಿಂತು, ತೋಳನ್ನು ಬೀಸಿ, ಪಾದವನ್ನು ನೆಲಕ್ಕೆ ಅಪ್ಪಳಿಸಿ, ಅಂಗೈಗೆ ಅಂಗೈ ತಾಗಿಸಿ ಚಟ್ಟನೆ ಸದ್ದುಮಾಡಿ ಪ್ರಶ್ನೆಯನ್ನು ಮುಗಿಸುತ್ತಾನೆ. ನೂರಾರು ಜನ ಏಕಕಾಲದಲ್ಲಿ ಹೀಗೆ ವಾದಿಸುವುದನ್ನು ಮೊದಲ ಸಲ ನೋಡಿದವರಿಗೆ ಜಗಳವೆಂದೇ ತೋರುವುದು. ಕುಳಿತವನ ಮುಖವನ್ನು ಗಮನಿಸಿರಿ: ತನ್ನ ಮಾತಿನೊಳಗಿನ ವಿರೋಧ ಹೊರಬಿದ್ದಾಗ ಅವನು ನಗುತ್ತಾನೆ, ತಿದ್ದಿಕೊಳ್ಳುತ್ತಾನೆ, ಇನ್ನೊಂದು ದಿನ ತಾನೇ ಎದ್ದು ಪ್ರಶ್ನಿಸುತ್ತಾನೆ. ನಮ್ಮ ಕಚೇರಿಗಳಲ್ಲಿ ಕೈಕೆಳಗಿನವನು ಮೇಲಿನವನನ್ನು ಇಷ್ಟು ನಿರ್ಭಯವಾಗಿ ಕೇಳಿದ ದಿನವುಂಟೆ?

ಕನ್ನಡಕ್ಕೆ ಇದು ಹೊಸದಲ್ಲ. ಶೂನ್ಯಸಂಪಾದನೆಯೆಂಬುದು ಆದ್ಯಂತವಾಗಿ ಸಂವಾದಗಳ ಗ್ರಂಥ. ಅದರಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬಂದು ಸಿದ್ಧರಾಮನನ್ನು ಕಾಣುವ ಪ್ರಸಂಗವನ್ನು, ಕೆರೆ ಕಾಲುವೆ ರಸ್ತೆಗಳ ಕೆಲಸ ಮಾಡಿಸುವ ಪಂಚಾಯಿತಿ ಮಿತ್ರರು ಒಮ್ಮೆ ಅವಶ್ಯವಾಗಿ ಓದಬೇಕು. ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದಾನೆ, ಗುಡಿ ಕಟ್ಟಿಸುತ್ತಿದ್ದಾನೆ, ಸಾವಿರಾರು ಜನ ಅವನ ಮಾತಿಗೆ ಗುದ್ದಲಿ ಎತ್ತುತ್ತಿದ್ದಾರೆ. ದಕ್ಷತೆಯ ಯಾವ ಅಳತೆಗೋಲಿನಿಂದ ನೋಡಿದರೂ ಅವನಲ್ಲಿ ಕೊರತೆಯಿಲ್ಲ. ಅಂಥವನನ್ನು ಅಲ್ಲಮ ‘ಒಡ್ಡರಾಮ’ನೆಂದು ಕೂಗಿ ಕರೆಯುತ್ತಾನೆ, ಕೆಲಸಗಾರರು ಸಿಟ್ಟಿನಿಂದ ಕಲ್ಲೆಸೆಯುತ್ತಾರೆ. ಕೆರೆ ತುಂಬಿತು, ಕಟ್ಟಿದವನಲ್ಲಿ ತುಂಬಿದ್ದೇನು ಎಂಬುದೇ ಅಲ್ಲಮನ ಪ್ರಶ್ನೆಯ ಅಭಿಪ್ರಾಯವೆಂದು ನಾನು ತಿಳಿದಿದ್ದೇನೆ. ಸಿದ್ಧರಾಮನ ಹಿರಿಮೆ ಇರುವುದು ಆ ಪ್ರಶ್ನೆಗೆ ಕಿವಿಗೊಟ್ಟು, ತನ್ನನ್ನು ಕೊಂಡಾಡುವವರನ್ನು ಬಿಟ್ಟು, ಅಲ್ಲಮನೊಡನೆ ಕಲ್ಯಾಣಕ್ಕೆ ಹೊರಟುದರಲ್ಲಿ.

ವ್ಯಕ್ತಿಗೆ ಹೇಗೋ ಹಾಗೆ ಸರ್ಕಾರಕ್ಕೂ ತನ್ನ ದೃಷ್ಟಿಯ ಮಿತಿ ತಿಳಿದಿರಬೇಕು. ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ, 1915ರಲ್ಲಿ ಜನಿಸಿದ ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯನ್ನು ನಾವು ಉಳುವವನಿಗೆ ಭೂಮಿ ಕೊಟ್ಟ ಕಾನೂನೆಂದು ಸ್ಮರಿಸುತ್ತೇವೆ. ನನ್ನನ್ನು ಹೆಚ್ಚು ಆಕರ್ಷಿಸಿದ್ದು ಅದರೊಳಗಿನ ಭೂ ನ್ಯಾಯಮಂಡಳಿಯ ರಚನೆ. ಉಪವಿಭಾಗಾಧಿಕಾರಿಯೊಬ್ಬನೇ ಕುಳಿತು ಗೇಣಿದಾರನಾರು, ಒಡೆಯನಾರು ಎಂದು ತೀರ್ಮಾನಿಸದಂತೆ, ಅವನ ಜೊತೆಗೆ ಸರ್ಕಾರ ನಾಮಕರಣ ಮಾಡಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕೆಂದು ಕಾನೂನು ವಿಧಿಸಿತು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಪಹಣಿಯ ಕಾಗದದಲ್ಲಿ ಹೆಸರಿಲ್ಲದ ಗೇಣಿದಾರನನ್ನು ಕಾಗದವನ್ನೇ ನೋಡುವ ಕಣ್ಣು ಕಾಣಲಾರದು, ಅವನ ಉಳುಮೆಯನ್ನು ಬಲ್ಲವರ ಕಣ್ಣೂ ಬೇಕು ಎಂಬ ತಿಳಿವು ಆ ರಚನೆಯಲ್ಲಿದೆ. ಆ ಮಂಡಳಿಗಳೆಲ್ಲ ನಿರ್ದೋಷವಾಗಿ ನಡೆದವೆಂದು ನಾನು ಹೇಳಲಾರೆ. ಆದರೂ ಅಧಿಕಾರವು ತನ್ನ ಕುರುಡನ್ನು ತಾನೇ ಒಪ್ಪಿಕೊಂಡು, ಅದನ್ನು ತುಂಬಿಕೊಳ್ಳಲು ಪಕ್ಕದಲ್ಲಿ ಕುರ್ಚಿ ಹಾಕಿಸಿದ್ದು ಸಣ್ಣ ಸಂಗತಿಯಲ್ಲ.

ಹೆಗ್ಗಡದೇವನಕೋಟೆಯ ಕಾಡಂಚಿನ ಕಥೆಯೂ ಇದಕ್ಕೆ ಹೊಂದುವುದು. 1984ರಲ್ಲಿ ಮೈಸೂರಿನ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು, ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳುತನದಲ್ಲಿ ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಜೇನುಕುರುಬ, ಕಾಡುಕುರುಬರ ಹಾಡಿಗಳಿಗೆ ವೈದ್ಯಸೇವೆಯನ್ನು ಒಯ್ದಿತು. ಔಷಧಿಯ ಪೆಟ್ಟಿಗೆ ಹಿಡಿದು ಹೋದವರು ಕಾಲಕ್ರಮದಲ್ಲಿ ಹೊಸಹಳ್ಳಿಯಲ್ಲಿ ಶಾಲೆಯನ್ನು ಕಟ್ಟಿದರು. ಕೆಂಚನಹಳ್ಳಿ, ಸರಗೂರುಗಳಲ್ಲಿ ಆಸ್ಪತ್ರೆಗಳನ್ನು ಕಟ್ಟಿದರು. ವೈದ್ಯನು ಶಾಲೆ ಕಟ್ಟಬೇಕಾಯಿತೆಂದರೆ, ತಾನು ಕಲಿತದ್ದರಿಂದ ಎದುರಿಗಿರುವ ಕಷ್ಟ ಪೂರ್ತಿಯಾಗಿ ತೀರದು ಎಂಬುದನ್ನು ಅವನು ಒಪ್ಪಿಕೊಂಡನೆಂದೇ ಅರ್ಥ. 2021ರಲ್ಲಿ ಬಾಲಸುಬ್ರಹ್ಮಣ್ಯಂ ಅವರನ್ನು ಕೇಂದ್ರ ಸರ್ಕಾರವು ತನ್ನ ನೌಕರರ ದಕ್ಷತೆಯನ್ನು ಬೆಳೆಸುವ ಸಾಮರ್ಥ್ಯ ವೃದ್ಧಿ ಆಯೋಗದ ಸದಸ್ಯರನ್ನಾಗಿ ನೇಮಿಸಿತು.

ಇಲ್ಲೊಂದು ಎಚ್ಚರಿಕೆಯ ಮಾತನ್ನು ಹೇಳದೆ ಹೋದರೆ ನಾನು ನನ್ನ ಶ್ರೋತೃಗಳಿಗೆ ಅನ್ಯಾಯ ಮಾಡಿದಂತಾಗುವುದು. ಮೂರು ಜನರ ಕೆಲಸವನ್ನು ಒಬ್ಬರ ಮೇಲೆ ಹೇರಿ, ಖಾಲಿ ಹುದ್ದೆಗಳನ್ನು ಹಾಗೆಯೇ ಬಿಟ್ಟು, ದಣಿದವರಿಗೆ ಆತ್ಮಾವಲೋಕನ ಮಾಡಿಕೊಳ್ಳಿರೆಂದು ಬೋಧಿಸುವುದು ಅಧರ್ಮ. ಹಾಡಿಯಿಂದ ಹಾಡಿಗೆ ನಡೆಯುವ ಆಶಾ ಕಾರ್ಯಕರ್ತೆಯ ಕಾಲುನೋವಿಗೆ ಮನಶ್ಶಾಸ್ತ್ರ ಪರಿಹಾರವಲ್ಲ. ತನ್ನ ತಪ್ಪು ಯಾವುದು, ವ್ಯವಸ್ಥೆಯ ತಪ್ಪು ಯಾವುದು ಎಂದು ಬೇರ್ಪಡಿಸಿ ನೋಡಿ, ಮೊದಲನೆಯದನ್ನು ತಿದ್ದಿಕೊಂಡು ಎರಡನೆಯದನ್ನು ಧೈರ್ಯವಾಗಿ ಹೇಳುವ ಶಕ್ತಿಯೂ ಆತ್ಮಪರಿಚಯದಿಂದಲೇ ಬರತಕ್ಕದ್ದು. ತನ್ನನ್ನು ಹಳಿದುಕೊಳ್ಳುವುದು ಅದರ ಲಕ್ಷಣವಲ್ಲ.

ಈ ಎರಡು ದಿನಗಳ ಗೋಷ್ಠಿಗಳಲ್ಲಿ ಬಲ್ಲವರು ಮಾತನಾಡಲಿದ್ದಾರೆ. ತಾವು ಕೇಳುವಿರಿ, ಬರೆದುಕೊಳ್ಳುವಿರಿ. ನನ್ನ ಬಿನ್ನಹ ಒಂದೇ. ಊರಿಗೆ ಹಿಂದಿರುಗಿದ ಮೇಲೆ, ತಮ್ಮ ಕೈಯಿಂದಲೇ ತುಂಬಿದ ಒಂದು ಪುಸ್ತಕವನ್ನು, ಅದು ಹಾಜರಿ ಪುಸ್ತಕವಾಗಲಿ, ಅರ್ಜಿಗಳನ್ನು ನಮೂದಿಸುವ ವಹಿಯಾಗಲಿ, ಮಕ್ಕಳ ತೂಕದ ಪಟ್ಟಿಯಾಗಲಿ, ಬೇರೆ ಯಾರೋ ಬರೆದದ್ದೆಂಬಂತೆ ಕುಳಿತು ಮೊದಲ ಪುಟದಿಂದ ಓದಿ. ಅದರಲ್ಲಿ ಮತ್ತೆ ಮತ್ತೆ ಬರುವ ಒಂದು ಹೆಸರನ್ನು ಆರಿಸಿಕೊಂಡು ಆ ಮನೆಗೆ ಒಂದು ಸಂಜೆ ಹೋಗಿ ಬನ್ನಿ. ಹೋಗುವಾಗ ಪುಸ್ತಕವನ್ನು ಒಯ್ಯಬೇಡಿ.