ವಿದುರಾಶ್ವತ್ಥದ ಧ್ವಜದ ಅರ್ಥವೇನು?



ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳಿಂದ ಬಂದು ನೆರೆದಿರುವ ಈ ಸಭೆಯಲ್ಲಿ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಹೆಸರನ್ನರಿಯದವರು ಇರಲಾರರು. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ನಾವು ಅದಕ್ಕೆ ಬಿರುದು ಕೊಟ್ಟಿದ್ದೇವೆ. ಆದರೆ ಬಿರುದಿನಿಂದ ವಿಚಾರವು ಮುಗಿಯಲಿಲ್ಲ. 1919ರಲ್ಲಿ ಅಮೃತಸರದಲ್ಲಿ ಗುಂಡು ಹಾರಿಸಿದ್ದು ಪರದೇಶೀಯರ ಸರಕಾರ. 1938ನೆಯ ಏಪ್ರಿಲ್ 25ರಂದು ಇಲ್ಲಿ ಹಾರಿಸಿದ್ದು, ಮಾದರಿ ಸಂಸ್ಥಾನವೆಂದು ಕೀರ್ತಿ ಪಡೆದ ನಮ್ಮ ಮೈಸೂರಿನ ಪೊಲೀಸು.

ವ್ಯಾಜ್ಯವಿದ್ದುದು ಒಂದು ಬಾವುಟದ ಮೇಲೆ. ಕೇಸರಿ, ಬಿಳಿ, ಹಸುರು ಬಣ್ಣಗಳ ನಡುವೆ ಚರಕವಿದ್ದ ಆ ಧ್ವಜವನ್ನು ಕಾಂಗ್ರೆಸ್ಸು 1931ರಲ್ಲಿ ಅಂಗೀಕರಿಸಿತ್ತು. ಅದೇ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರು ನಿಷೇಧವನ್ನು ಮೀರಿ ಅದನ್ನೇರಿಸಿ ಸೆರೆಯಾದರು. ಅದರ ಕಿಡಿಯೇ ವಿದುರಾಶ್ವತ್ಥಕ್ಕೂ ತಾಗಿತು.

ಪ್ರತಿಕಕ್ಷಿಯ ವಾದವನ್ನೂ ನ್ಯಾಯವಾಗಿ ಹೇಳೋಣ. ಸಂಸ್ಥಾನಕ್ಕೆ ತನ್ನದೇ ಧ್ವಜವುಂಟು. ಇದು ಒಂದು ಪಕ್ಷದ ಬಾವುಟ. ಇದನ್ನೇರಿಸುವುದು ಪ್ರಭುವಿಗೆ ಅಗೌರವ ಎಂಬುದು ಸರಕಾರದ ಮತ. ಆದರೆ ಮೈಸೂರು ಕಾಂಗ್ರೆಸ್ಸು ಆಗ ಬೇಡಿದ್ದು ಮಹಾರಾಜರ ಆಶ್ರಯದಲ್ಲಿಯೇ ಜವಾಬ್ದಾರಿ ಸರಕಾರವನ್ನು. ರಾಜಭಕ್ತಿಗೂ ಆ ಬೇಡಿಕೆಗೂ ವಿರೋಧವೆಲ್ಲಿ?

ಇದಕ್ಕೆ ಉತ್ತರವನ್ನು ಸರಕಾರವೇ ಕೊಟ್ಟಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದರು. ಮುಂದಿನ ತಿಂಗಳಲ್ಲೇ ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಯಿತು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಧ್ವಜವೂ ಹಾರಬಹುದೆಂದಾಯಿತು. ಮೇ ತಿಂಗಳಲ್ಲಿ ಸಮ್ಮತವಾದುದಕ್ಕೆ ಏಪ್ರಿಲಿನಲ್ಲಿ ಪ್ರಾಣ ತೆತ್ತವರಿಗೆ ಯಾವ ನ್ಯಾಯಾಲಯವು ಪರಿಹಾರ ಕೊಟ್ಟೀತು? ಅವರ ಎಣಿಕೆಯಲ್ಲಿಯೂ ಒಮ್ಮತವಿಲ್ಲ: 32 ಮಂದಿಯೆಂಬುದು ಜನರ ಲೆಕ್ಕ, ಸರಕಾರ ಒಪ್ಪಿದ್ದು ಬಹಳ ಕಡಿಮೆ.

ಇನ್ನೊಂದು ಮಾತು. 1947ರ ಜುಲೈ 22ರಂದು ಸಂವಿಧಾನ ಸಭೆಯು ಚರಕದ ಸ್ಥಾನದಲ್ಲಿ ಅಶೋಕಚಕ್ರವನ್ನಿಟ್ಟು ರಾಷ್ಟ್ರಧ್ವಜವನ್ನು ಅಂಗೀಕರಿಸಿತು. ಪಕ್ಷದ್ದೆನಿಸಿದ್ದ ಬಣ್ಣಗಳು ದೇಶದವಾದವು. ಆದರೂ ಆಗಸ್ಟ್ 15ರಂದು ಮೈಸೂರಿನ ಪ್ರಜೆಗಳಿಗೆ ಜವಾಬ್ದಾರಿ ಸರಕಾರ ದೊರೆತಿರಲಿಲ್ಲ. ಅದಕ್ಕಾಗಿ ಮತ್ತೆ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದ ಮೇಲೆಯೇ ಶಿವಪುರ, ವಿದುರಾಶ್ವತ್ಥಗಳ ಬೇಡಿಕೆ ಕೈಗೂಡಿತು. ಧ್ವಜವೇರಿದ ದಿನವೂ ಹಕ್ಕು ಬಂದ ದಿನವೂ ಒಂದೇ ಆಗಿರಲಿಲ್ಲವೆಂಬುದನ್ನು ಮರೆಯಬಾರದು.

ಉಪಾಧ್ಯಾಯ ಮಿತ್ರರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಕ್ಕಳನ್ನು ವೀರಸೌಧಕ್ಕೆ ಕರೆದೊಯ್ದಾಗ ಧ್ವಜಕ್ಕೆ ವಂದಿಸುವುದನ್ನು ಮಾತ್ರ ಕಲಿಸಿ ಹಿಂದಿರುಗಬೇಡಿ. ಆಳುವವರು ಪ್ರಜೆಗಳಿಗೆ ಉತ್ತರ ಹೇಳಬೇಕೆಂದು ಕೇಳಿದವರು ಇಲ್ಲಿ ಮಡಿದರು, ಗುಂಡಿಟ್ಟವರು ನಮ್ಮವರೇ ಎಂಬುದನ್ನೂ ತಿಳಿಸಿರಿ. ಆಗ ಆ ಬಾಲಕರು ಮುಂದೆ ಯಾವ ಅಧಿಕಾರದಲ್ಲಿ ಕುಳಿತರೂ ಪ್ರಜೆಯ ಪ್ರಶ್ನೆಯನ್ನು ದ್ರೋಹವೆಂದೆಣಿಸಲು ಹಿಂಜರಿದಾರು.